ಹಸಿರು ಸೊನ್ನೆ

ಮಿಲಾನ್ ಬಿಟ್ಟು ಪಡುವಣಕ್ಕೆ ಹೊರಟ ಲೋಕಲ್ ರೈಲು
ಅರ್ಧ ತಾಸಿಗೆ ನಮ್ಮೂರಲ್ಲಿ ನಿಂತು ಏದುಸಿರು ಬಿಡುತ್ತದೆ.
ನಿಲ್ದಾಣದ ಎದುರೇ ನನ್ನ ಛಾಪಖಾನೆ.
ಮದುವೆಯ ಕರೆಯೋಲೆ, ಕಳೆದುಹೋದ ಬೆಕ್ಕಿನ ಮುಖ,
ಗೋಡೆಗೆ ಅಂಟಿಸುವ ಸಾವಿನ ಸುದ್ದಿ,
ಎಲ್ಲಕ್ಕೂ ಒಂದೇ ಯಂತ್ರ, ನಾಲ್ಕು ಹೊಟ್ಟೆ.
ಅದರಲ್ಲೊಂದು ಹಸಿದಾಗ ಪರದೆ ಮಿಣುಕುತ್ತದೆ:
ಮಜೆಂತಾ ಮುಗಿದಿದೆ.

ಊರಿಗೆ ಊರೇ ಮುಗಿದ ಹಾಗೆ!
ಕಿಟಕಿಯಾಚೆ ಇಣುಕುತ್ತೇನೆ. ಇಲ್ಲ, ಇದೆ:
ಬ್ರೆಡ್ಡಿನಂಗಡಿ, ಒರಗಿಸಿಟ್ಟ ಸೈಕಲ್ಲು, ಪಾದ್ರಿಯ ನಾಯಿ.

ಜಗತ್ತು ನಾಲಿಗೆ ಮಡಚಿ ಮಜೆಂಟಾ ಅನ್ನುತ್ತದೆ, ಬಣ್ಣಕ್ಕೆ.
ನಾವು ಹಲ್ಲಿಗೆ ತಾಗಿಸಿ ಮಜೆಂತಾ ಅನ್ನುತ್ತೇವೆ, ಊರಿಗೆ.
ಆ ಟಕಾರಕ್ಕೂ ಈ ತಕಾರಕ್ಕೂ ನಡುವೆ
ಜೂನ್ ತಿಂಗಳ ಒಂದು ಹಗಲು ಬಿದ್ದುಕೊಂಡಿದೆ.

ಸಾವಿರದೆಂಟುನೂರ ಐವತ್ತೊಂಬತ್ತು.
ಹಿಪ್ಪುನೇರಳೆ ಸಾಲಿನೊಳಗೆ ಫ್ರೆಂಚರು, ಆಸ್ಟ್ರಿಯದವರು.
ಸಂಜೆಗೆ ಹುಲ್ಲು ಕಾಣಲಿಲ್ಲವಂತೆ,
ಹಸಿ ಮಾತ್ರ ಇತ್ತಂತೆ, ಹಸಿರಿರಲಿಲ್ಲ.
ಅದೇ ವರ್ಷ ದೂರದಲ್ಲೆಲ್ಲೋ ಸೀಸೆಯೊಳಗೆ
ಟಾರಿನ ಹೊಲಸಿನಿಂದ ಬಣ್ಣವೊಂದು ಎದ್ದು ಬಂತು.
ಮೊದಲು ಹೂವಿನ ಹೆಸರಿಟ್ಟರು.
ಗಿರಾಕಿಗೆ ಹೂವು ಸಾಲದು, ಗೆಲುವು ಬೇಕು.
ನಮ್ಮೂರ ಹೆಸರು ಕಿತ್ತು ತಂದು ಅಂಟಿಸಿದರು,
ಗಜಕ್ಕಿಷ್ಟು ಎಂದು ಮಾರಿದರು.
ಯುದ್ಧವನ್ನು ಬಣ್ಣಿಸಲಾಗದವರು
ಬಣ್ಣಕ್ಕೆ ಯುದ್ಧದ ಹೆಸರಿಟ್ಟು ಕೈತೊಳೆದುಕೊಂಡರು.

ಊರಿನ ಹೆಸರೂ ಸ್ವಂತದ್ದಲ್ಲ ಬಿಡಿ.
ರೋಮಿನ ಯಾವನೋ ದೊರೆಯದು ಎನ್ನುತ್ತಾರೆ,
ಸೋತು ಹೊಳೆಯಲ್ಲಿ ಮುಳುಗಿದವನದು.

ಮಂಗಳವಾರ ಎರ್ಮಿನಿಯಾ ಬಂದಳು, ಎಂಬತ್ತೆಂಟರ ಮುದುಕಿ,
ತನ್ನದೇ ಸಾವಿನ ಸುದ್ದಿ ಅಚ್ಚು ಹಾಕಿಸಲು.
"ತಾರೀಖು ಖಾಲಿ ಬಿಡು, ಆಮೇಲೆ ಪೆನ್ನಲ್ಲಿ ಬರೆದುಕೊಳ್ಳಲಿ.
ಅಂಚು ಕಪ್ಪು ಬೇಡ. ಇದಿರಲಿ."
ಬಿಸ್ಕತ್ತಿನ ಡಬ್ಬಿಯಿಂದ ತೆಗೆದಳು ರೇಷ್ಮೆಯ ಪಟ್ಟಿ,
ಮುತ್ತಜ್ಜಿಯ ಟೋಪಿಗೆ ಸುತ್ತಿದ್ದು.

ಮೊದಲು ಪರದೆಯ ಸಿದ್ಧ ಬಣ್ಣವನ್ನೇ ತೋರಿಸಿದೆ:
ಎಫ್ ಎಫ್ ಸೊನ್ನೆ ಸೊನ್ನೆ ಎಫ್ ಎಫ್,
ಉಗ್ಗುವವನ ಬಾಯಲ್ಲಿ ಹೆಸರು ಸಿಕ್ಕಿಕೊಂಡ ಹಾಗೆ.
ಕೆಂಪು ಇನ್ನೂರೈವತ್ತೈದು, ತುಂಬಿ ತುಳುಕುವಷ್ಟು.
ನೀಲಿಯೂ ಅಷ್ಟೇ.
ನಡುವೆ ಹಸಿರು: ಸೊನ್ನೆ.
ಕಾಮನಬಿಲ್ಲಿನಲ್ಲಿ ಹುಡುಕಿದರೆ ಈ ಬಣ್ಣ ಸಿಗದು;
ಹಸಿರು ಕಾಣದ ಕಣ್ಣು ತಾನೇ
ತನಗೆ ಹೇಳಿಕೊಂಡ ಸಮಾಧಾನ ಇದು.

"ಅಯ್ಯೋ, ಬೊಬ್ಬೆ ಹೊಡೆಯುತ್ತದಲ್ಲೇ ಇದು!" ಎಂದಳು.
ಪಟ್ಟಿಯನ್ನು ಗಾಜಿನ ಮೇಲೆ ಮಲಗಿಸಿ ಮುಚ್ಚಳ ಹಾಕಿದೆ.
ಬೆಳಕಿನ ಗೆರೆಯೊಂದು ಅದರುದ್ದಕ್ಕೂ ನಡೆದುಹೋಯಿತು,
ಮೂಳೆಗಳ ಕೋಣೆಯಲ್ಲಿ ದೀಪ ಹಿಡಿದವನ ಹಾಗೆ ನಿಧಾನ.
ಕೆಂಪು ನೂರೆಂಬತ್ತಮೂರು. ನೀಲಿ ನೂರಿಪ್ಪತ್ತು.
ಹಸಿರು ನಲವತ್ತೊಂದು.

ಕನ್ನಡಕ ಒರೆಸಿ ಮತ್ತೆ ನೋಡಿದೆ. ನಲವತ್ತೊಂದು.
ಮೂರು ತಲೆಮಾರಿನ ಬಿಸಿಲಲ್ಲಿ, ಡಬ್ಬಿಯ ಕತ್ತಲಲ್ಲಿ,
ಯಾರೂ ನೀರು ಹನಿಸದೆ
ಇಷ್ಟು ಹುಲ್ಲು ಚಿಗುರಿದೆ.

"ಏನಂತೆ?" ಎಂದಳು.
"ಮಾಸಿದೆ" ಎಂದೆ, ಬೇರೆ ಮಾತು ಸಿಗದೆ.
"ಮಾಸದೆ ಇನ್ನೇನು" ಎಂದು ಪರ್ಸು ತೆಗೆದಳು,
ಮೂವತ್ತು ಪ್ರತಿಗೆ ಎರಡು ಯೂರೋ ಚೌಕಾಸಿ ಮಾಡಿ ಹೋದಳು.

ಯಂತ್ರ ಕೇಳಿತು: ಹೊಸ ಬಣ್ಣ. ಹೆಸರು?
ಅವಳ ತಾರೀಖಿನ ಹಾಗೆ
ಅದನ್ನೂ ಖಾಲಿ ಬಿಟ್ಟೆ.