ಆರನೇ ಗುಂಡಿ

ಮೊದಲೇ ಹೇಳಿಬಿಡುತ್ತೇನೆ: ನೂರ ಎಂಬತ್ತು ಯೂರೋ.
ಆ ದುಡ್ಡಿಗೆ ಅಮೆರಿಕದ ಹಳೆಯ ಗಿಟಾರಿನ
ಖಾಲಿ ಪೆಟ್ಟಿಗೆ ಸಿಕ್ಕೀತು, ಅದೂ ಬೀಗ ಮುರಿದದ್ದು.
ನಾನು ಆಂಕೋನಾ ಬಂದರಿನಲ್ಲಿ ಬೂತಾಯಿ ತೂಗುವವಳು,
ಆಸೆಯನ್ನೂ ತಕ್ಕಡಿಗೆ ಹಾಕದೆ ಕೊಂಡವಳಲ್ಲ.

ಭಾನುವಾರದ ಬಸ್ಸು ಹತ್ತಿ ಕಾಸ್ತೆಲ್ಫಿದಾರ್ದೊಗೆ ಹೋದೆ.
ಗುಡ್ಡದ ನೆತ್ತಿಯ ಊರು, ದೂರ ಕೆಳಗೆ ಕಡಲು
ಹಿಂಡದೆ ಹರವಿದ ಬಟ್ಟೆ.
ಅಜ್ಜಂದಿರ ಕಾಲಕ್ಕೆ ಇಲ್ಲೆಲ್ಲ ಅಕಾರ್ಡಿಯನ್ನೇ ಅನ್ನ:
ತಿದಿ ಮಡಿಸುವವರು, ಮೇಣ ಕಾಯಿಸುವವರು,
ಉಕ್ಕಿನ ನಾಲಗೆಗೆ ಅರ ಹಿಡಿಯುವವರು.
ಆಮೇಲೆ ಹುಡುಗರು ತಿದಿಗೆ ಬೆನ್ನು ಹಾಕಿ
ಕರೆಂಟಿನ ತಂತಿಗೆ ಮನಸೋತರು.
ಕಾರ್ಖಾನೆಯ ಹೊಟ್ಟೆಯೂ ನಡೆಯಬೇಕಲ್ಲ,
ಮಿಕ್ಕ ಮಿಂಚುಹಾಳೆಯನ್ನೇ ಗಿಟಾರಿಗೆ ತೊಡಿಸಿದರು,
ಮಿಕ್ಕ ಗುಂಡಿಗಳನ್ನೇ ಎದೆಗೆ ಕೂರಿಸಿದರು,
ಅಕ್ಕನ ಲಂಗ ಕತ್ತರಿಸಿ ತಂಗಿಗೆ ಹೊಲಿದ ಹಾಗೆ.

ಊರವರೇ ನಕ್ಕರಂತೆ. ಹಿತ್ತಲ ಗಿಡ ತಾನೆ.

ನಾಜ್ಜರೆನೊ ಬಾಗಿಲು ತೆಗೆದ. ಎಂಬತ್ತೊಂದು ವರ್ಷ,
ಕಿವಿಯಲ್ಲಿ ಯಂತ್ರ, ಕಾಲಲ್ಲಿ ಹೆಂಗಸರ ಚಪ್ಪಲಿ.
ಅಡುಗೆಮನೆಯ ಬೀರುವಿನ ಪಕ್ಕದ ಸಂದಿಯಿಂದ ಅದನ್ನು ಎಳೆದ.
ದಾಳಿಂಬೆ ಒಡೆದಂಥ ಕೆಂಪು, ಒಳಗೆಲ್ಲ ಮಿನುಗು,
ಅಂಚಿನಲ್ಲಿ ಮಾತ್ರ ಸಿಪ್ಪೆ ಎದ್ದಿದೆ.
ಎತ್ತಿದರೆ, ಅಬ್ಬಾ, ಕದದಷ್ಟು ಭಾರ.
ಕತ್ತು ದಪ್ಪ. ತಂತಿ ಎತ್ತರ.
ನಾನು ಒತ್ತಿದರೆ ಅದೂ ತಿರುಗಿ ಒತ್ತುತ್ತದೆ.

ಹಳೇ ರೇಡಿಯೋಗೆ ಜೋಡಿಸಿ ಕೊಟ್ಟ.
ಒಂದನೇ ಗುಂಡಿ: ಒದ್ದೆ ಮರಳಲ್ಲಿ ದೋಣಿ ಎಳೆದ ಸದ್ದು.
ಎರಡನೆಯದು: ತಗಡಿನ ಡಬ್ಬಿಯಲ್ಲಿ ಜೇನುನೊಣ.
ಮೂರು, ನಾಲ್ಕು: ಅದೇ ನೊಣ, ಸ್ವಲ್ಪ ಸಿಟ್ಟಿನಲ್ಲಿ.
ಐದು: ಹೇಗೆ ಹೇಳಲಿ, ಯಾರೋ ನನ್ನ ಹೆಸರು ಕೂಗಿ
ತಿರುಗಿದರೆ, ಏನಿಲ್ಲ ಬಿಡು, ಅಂದ ಹಾಗೆ.
ಆರು:
ಏನೂ ಇಲ್ಲ.

ಮುಖ ಸಣ್ಣಗೆ ಮಾಡಿದೆ, ಚೌಕಾಸಿಗೆ ಬೇಕಾದ ಮುಖ.
ಅವನ ಮುಖ ನನ್ನದಕ್ಕಿಂತ ಸಣ್ಣಗಾಯಿತು.

'ಅದು ನಾನೇ,' ಅಂದ.
'ಅರವತ್ತನಾಲ್ಕು, ಜುಲೈ, ಶನಿವಾರ ಮಧ್ಯಾಹ್ನ.
ಬೆಸುಗೆಯ ಮೇಜು ನನ್ನದು. ಹೊರಗೆ ಸ್ಕೂಟರಿನಲ್ಲಿ ದಿಯೊಮಿರಾ,
ನುಮಾನಾದ ಕಡಲಿಗೆ ಹೋಗುವುದೆಂದು ಮಾತಾಗಿತ್ತು.
ಎರಡು ಸಲ ಹಾರನ್ ಒತ್ತಿದಳು.
ಒಂದೇ ಒಂದು ತಂತಿ ಬಾಕಿ. ಮುಚ್ಚಳ ಹಾಕಿಬಿಟ್ಟೆ.
ಸೋಮವಾರ ಬರುವಷ್ಟರಲ್ಲಿ ಲಾರಿ ಹೊರಟಿತ್ತು.
ಇಪ್ಪತ್ತು ವರ್ಷ ಬಿಟ್ಟು ಹಳೇ ಸಾಮಾನಿನ ಸಂತೆಯಲ್ಲಿ
ಇಂಥದೇ ಕೆಂಪು ಕಂಡೆ. ಆರನೆಯದನ್ನು ಒತ್ತಿ ನೋಡಿದೆ.
ಕೊಂಡು ತಂದೆ.'

'ಎರಡಲ್ಲ, ನಾಲ್ಕು ಸಲ ಒತ್ತಿದ್ದೆ!'
ಒಳಕೋಣೆಯಿಂದ ಒಂದು ಗಂಟಲು,
ಅದರ ಹಿಂದೆಯೇ ಗಂಡಸರ ಚಪ್ಪಲಿ ಎಳೆಯುತ್ತ ದಿಯೊಮಿರಾ.

ಈಗ ಯಾಕೆ ಮಾರುತ್ತೀರಿ ಅಂತ ಕೇಳಿದೆ.
'ಇಸ್ತ್ರಿ ಹಲಗೆಗೆ ಜಾಗ ಬೇಕು,' ಅಂದಳು.
ಅವನು ಗೋಡೆ ನೋಡಿದ.
'ಹೇಳಿದ್ದು ಇನ್ನೂರು. ನನ್ನ ತಪ್ಪಿಗೆ ಇಪ್ಪತ್ತು ಮುರಿದುಕೋ.'
ಅರವತ್ತು ವರ್ಷದ ತಪ್ಪಿಗೆ ಬಡ್ಡಿ ಸೇರಿಸಿ ಕೇಳಬಹುದಿತ್ತು.
ಕೇಳಲಿಲ್ಲ.

ಪೆಟ್ಟಿಗೆ ಇರಲಿಲ್ಲ. ನಿಂಬೆಹಣ್ಣಿನ ಚಿತ್ರದ
ಹಾಸಿಗೆ ಬಟ್ಟೆಯಲ್ಲಿ ಅವಳೇ ಸುತ್ತಿಕೊಟ್ಟಳು, ಮಗುವಿನ ಹಾಗಲ್ಲ,
ಗಟ್ಟಿಗೆ, ಮೀನು ಕಟ್ಟುವ ಹಾಗೆ. ಕಟ್ಟು ಬಲ್ಲ ಕೈ.

ರಾತ್ರಿ ತಿರುಪು ಬಿಚ್ಚಿದೆ.
ಒಳಗೆ ಹಳೆಯ ಅಂಟಿನ ವಾಸನೆ, ಒಂದಿಷ್ಟು ಧೂಳು,
ತುದಿ ಸುಲಿದು ತಯಾರಾಗಿ ನಿಂತ
ಹಳದಿ ತಂತಿ.
ಎರಡು ನಿಮಿಷದ ಕೆಲಸ. ಬೆಸೆದೆ. ಒತ್ತಿದೆ.

ಇನ್ನೊಂದು ಜೇನುನೊಣ. ಅಷ್ಟೇ.

ಆದರೂ ಬೆಳಗಿನ ನಾಲ್ಕಕ್ಕೆ ಪೇಟೆಯಲ್ಲಿರಬೇಕಾದವಳು
ಹನ್ನೆರಡೂವರೆಯ ತನಕ ಅದನ್ನೇ ಒತ್ತುತ್ತ ಕೂತಿದ್ದೆ.
ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ಸೂರು ಕುಟ್ಟಿದರು,
ಎರಡು ಸಲವೋ ನಾಲ್ಕು ಸಲವೋ,
ಎಣಿಸಲಿಲ್ಲ.