ಏಳನೇ ಬ್ಲಾಕಿನ ಲೆಕ್ಕ

ಬ್ಲಾಕ್ ಅಂದರೆ ನನಗೆ ಗೊತ್ತು.
ಮೂವತ್ತೊಂದು ವರ್ಷ ರೈಟರ್ ಕೆಲಸ, ಮಾಲ್ದಾರೆಯ ಈ ತೋಟದಲ್ಲಿ.
ಒಂದನೇ ಬ್ಲಾಕ್ ಬಂಗಲೆಯ ಬೆನ್ನಿಗೆ,
ನಾಲ್ಕು ಬರೀ ಕಲ್ಲು,
ಏಳು ಕೆರೆಯ ಪಕ್ಕ, ಸಲಗ ಬೇಲಿ ಮುರಿದು ಬರುವ ಕಡೆ.
ಚೈನ್ ಕೂಡ ಗೊತ್ತು:
ಸರ್ವೆಯವರು ಎಳೆದುಕೊಂಡು ಬರುತ್ತಿದ್ದ ನೂರು ಕೊಂಡಿಯ ಸರಪಳಿ.
ಹಿಡಿದವನ ಕೈ ಸ್ವಲ್ಪ ಸಡಿಲಾದರೆ
ಒಬ್ಬನ ಅರ್ಧ ಗದ್ದೆ ಇನ್ನೊಬ್ಬನ ಪಾಲಿಗೆ.
ಎರಡನ್ನೂ ಸೇರಿಸಿ ಒಂದೇ ಉಸಿರಲ್ಲಿ ಹೇಳಿದವನು
ನೆಲ್ಯಹುದಿಕೇರಿಯ ಹುಡುಗ ಸಫ್ವಾನ್,
ಕಾಫಿ ಕೊಳ್ಳುವ ಕಂಪನಿಯವನು.

ಕಣದ ಕಟ್ಟೆಯ ಮೇಲೆ ಕೂತು, ಕಿತ್ತಳೆ ಸುಲಿದು ಪಾಲು ಕೊಡುತ್ತ ಹೇಳಿದ:
ರೈಟ್ರೇ, ಇದೂ ಒಂದು ಚೆಕ್‌ರೋಲ್ ಅಂತ ತಿಳ್ಕೊಳಿ.
ಒಂದೊಂದು ಹಾಳೆಯ ನೆತ್ತಿಯಲ್ಲೂ
ಹಿಂದಿನ ಹಾಳೆಯ ಹೆಬ್ಬೆಟ್ಟು.
ಹಿಂದಿನದರಲ್ಲಿ ಒಂದು ಸೊನ್ನೆ ತಿದ್ದಿ ನೋಡಿ,
ಅದರ ಹೆಬ್ಬೆಟ್ಟೇ ಬೇರೆಯಾಗತ್ತೆ,
ಮುಂದಿನ ಹಾಳೆ ಗುರುತು ಹಿಡಿಯಲ್ಲ.
ಪುಸ್ತಕ ನಿಮ್ಮ ಡ್ರಾಯರಿನಲ್ಲಿ ಮಾತ್ರ ಇರಲ್ಲ,
ನಮ್ಮಲ್ಲೊಂದು, ಕ್ಯೂರಿಂಗ್‌ನವರಲ್ಲೊಂದು,
ಹಡಗಿನವರಲ್ಲೊಂದು, ಕುಡಿಯೋ ಊರಿನ ಅಂಗಡಿಯಲ್ಲೊಂದು.
ಇನ್ನು ಬ್ಲೇಡಿಗೆ ಕೆಲಸವಿಲ್ಲ ಬಿಡಿ.

ಬ್ಲೇಡು ಅಂದಾಗ
ನಾನು ಬಾಯೊಳಗಿನ ಬೀಜ ಉಗಿದೆ, ಆದಷ್ಟು ದೂರಕ್ಕೆ.

ಆ ವರ್ಷ ರೋಬಸ್ಟಾ ರೆಕ್ಕೆ ಬಾಗುವಷ್ಟು ಹಣ್ಣು.
ಸಂಜೆ ಐದಕ್ಕೆ ತಕ್ಕಡಿ ಕಟ್ಟಿದರೆ
ಮುಗಿಯುವಾಗ ಲಾಟೀನು.
ಎರವರ ಮುತ್ತಿಯ ಚೀಲ ಅರುವತ್ತೆರಡು ಕಿಲೋ.
ನಾನು ಬರೆದದ್ದು ೨೬.
ಕಣ್ಣು ಸೋತಿತ್ತು ಎಂದು
ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.
ಉಳಿದ ಮೂವತ್ತಾರು ಕಿಲೋದ ಕೂಲಿ
ಎಲ್ಲಿ ಉಳಿಯಿತು ಎಂದು
ಆಫೀಸಿನಲ್ಲಿ ಯಾರೂ ಕೇಳಲಿಲ್ಲ.

ಬಟವಾಡೆಯ ಶನಿವಾರ ಅವಳು ಒತ್ತಲಿಲ್ಲ.
ಶಾಯಿ ಹತ್ತಿದ ಹೆಬ್ಬೆರಳು ಮಡಿಚಿ ನಿಂತಳು, ಅಷ್ಟೇ.
ಹಿಂದಿನಿಂದ ತೋಲಿ: ಅವಳದು ಅರುವತ್ತೆರಡು.
ತೋಲಿಯ ಹಿಂದಿನವಳು: ಹೌದು, ನನಗಿಂತ ಏಳು ಹೆಚ್ಚು.
ಲೈನ್‌ಮನೆಯ ಒಲೆ ಮುಂದೆ ದಿನಾ ರಾತ್ರಿ
ಒಬ್ಬರ ತೂಕ ಇನ್ನೊಬ್ಬರು ಹೇಳಿಯೇ ಮಲಗುತ್ತಿದ್ದರಂತೆ.
ಆರು ಮನೆ, ಆರು ಪ್ರತಿ.
ನನ್ನ ಹತ್ತಿರ ಒಂದೇ.

ಆ ರಾತ್ರಿ ಕೆರೆದೆ.
ಎರಡು ಹೋಯಿತು, ಆರು ಹೋಯಿತು,
ಕಾಗದವೂ ಹೋಯಿತು.
ಈಗಲೂ ಆ ಹಾಳೆ ಎತ್ತಿ ಹಿಡಿದರೆ
ತೂತಿನಲ್ಲಿ ಕಣ ಕಾಣುತ್ತದೆ.

ತಪ್ಪು ಬರೆದರೆ ಏನಪ್ಪಾ, ನಿನ್ನ ಪುಸ್ತಕದಲ್ಲಿ?
ತಪ್ಪೂ ಉಳಿಯತ್ತೆ ರೈಟ್ರೇ.
ಕೆಳಗೆ ಹೊಸ ಸಾಲು ಬರೀಬೇಕು: ಮೇಲಿನದು ತಪ್ಪು, ಸರಿ ಇದು, ಅಂತ.
ಬೇಕಂತಲೇ ಬರೆದರೆ?
ಅವನು ಕೊನೆಯ ತೊಳೆ ಬಾಯಿಗೆ ಹಾಕಿಕೊಂಡ.
ಅದಕ್ಕೆ ತೂಕ ಗೊತ್ತಿಲ್ಲ. ತೂಗೋರು ನೀವು.

ಪೊಟ್ಟಣದ ಮೇಲೆ ಕಪ್ಪು ಬಿಳಿ ಚೌಕ ಇರುತ್ತದಂತೆ,
ಯಾವುದೋ ಚಳಿಯ ಊರಿನವರು ಫೋನು ಹಿಡಿದರೆ ತೆರೆದುಕೊಳ್ಳುತ್ತದಂತೆ:
ಬ್ಲಾಕ್ ಏಳು. ಜನವರಿ ಹತ್ತೊಂಬತ್ತು.
ಕಿತ್ತವರ ಹೆಸರು, ಕೊಟ್ಟ ಕೂಲಿ.
ಆನೆ ಬಂದು ಮಧ್ಯಾಹ್ನದವರೆಗೆ ಎಲ್ಲರೂ
ಪಂಪ್‌ಹೌಸಿನಲ್ಲಿ ಅಡಗಿ ಕೂತದ್ದಕ್ಕೆ
ಅದರಲ್ಲಿ ಕಾಲಂ ಇಲ್ಲ.

ಇವತ್ತು ಮೊದಲ ತೂಕ.
ಮುತ್ತಿಯ ಸೊಸೆ ರಜನಿ ಚೀಲ ಇಳಿಸಿದಳು.
ಐವತ್ತೆಂಟೂವರೆ. ಒತ್ತಿದೆ.
ಏನು ಒತ್ತಿದಿರಿ, ತೋರಿಸಿ, ಅಂದಳು.
ತಿತಿಮತಿಯ ಆಶ್ರಮ ಶಾಲೆಯಲ್ಲಿ ಏಳರವರೆಗೆ ಓದಿದವಳು.
ಫೋನು ತಿರುಗಿಸಿದೆ.
ಓದಿದಳು, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ:
ಐವತ್ತೆಂಟೂವರೆ.
ಐವತ್ತೆಂಟೂವರೆ, ಅಂದಳು ಹಿಂದಿನವಳು.
ಮಾತು ಬಾಯಿಂದ ಬಾಯಿಗೆ ಚೀಲಗಳ ಮೇಲೆ ಹಾದು
ಸಿಲ್ವರ್ ಮರಗಳ ಸಾಲಿನ ತನಕ ಹೋಗಿ ನಿಂತಿತು.

ಫೋನಿನಲ್ಲಿ ಮಾತ್ರ ಆ ಚಕ್ರ ಇನ್ನೂ ಸುತ್ತುತ್ತಿದೆ.
ಸಿಗ್ನಲ್ ಬರಬೇಕು, ಎಂದು ಸಫ್ವಾನ್
ಕಟ್ಟೆ ಹತ್ತಿ ಕೈ ಮೇಲೆತ್ತಿ ನಿಂತಿದ್ದಾನೆ.