ಹೆಬ್ಬೆರಳಷ್ಟು ರಾತ್ರಿ

ನರ್ಸ್ ಗುನ್ವೋರ್ ಬರೆದುಕೊಟ್ಟ ಚೀಟಿ
ಫ್ರಿಜ್ಜಿನ ಬಾಗಿಲಲ್ಲಿ, ಏಡಿ ಮ್ಯಾಗ್ನೆಟ್ಟಿನ ಕೆಳಗೆ:
ಕತ್ತಲಾದ ಮೇಲೆ ದೀಪ ಬೇಡ, ಮಾತು ಬೇಡ,
ನಿದ್ದೆ ಕಣ್ಣಂಚಿಗೆ ಬಂದೊಡನೆ ಮಲಗಿಸಿ,
ಪೂರ್ತಿ ಬರಲೆಂದು ಎತ್ತಿಕೊಂಡೇ ಇರಬೇಡಿ.

ಎಲ್ಲ ಸರಿ ಗುನ್ವೋರ್,
ಕತ್ತಲಾಗುವುದು ಯಾವಾಗ?
ಇದು ವಾರ್ಡೋ. ಇದು ಜೂನ್.
ಮೇ ನಡುವಿನಲ್ಲಿ ಏರಿದ ಸೂರ್ಯ
ಇನ್ನೂ ಇಳಿದಿಲ್ಲ.
ರಾತ್ರಿ ಹನ್ನೆರಡಕ್ಕೆ ಪಕ್ಕದ ಮನೆಯ ಹಲ್ವರ್
ಏಣಿ ಹತ್ತಿ ಗೋಡೆಗೆ ಹಳದಿ ಬಳಿಯುತ್ತಾನೆ,
ಹಳೆ ಮೀನು ಕಾರ್ಖಾನೆಯ ಕಿಟಕಿಕಟ್ಟೆಗಳಲ್ಲಿ
ಕಡಲಹಕ್ಕಿಗಳದು ಮುಗಿಯದ ಸಂಸಾರದ ಜಗಳ.

ಯೋರುನ್, ಮಗಳೇ,
ನೀನು ಹುಟ್ಟಿದ್ದು ಡಿಸೆಂಬರಿನಲ್ಲಿ,
ಸೂರ್ಯನೇ ಇಲ್ಲದ ಎರಡು ತಿಂಗಳ ನಟ್ಟನಡುವೆ.
ಆಗ ಹಗಲಿಗೂ ಇರುಳಿಗೂ ಒಂದೇ ಕಂಬಳಿ.
ಒಂದಿಷ್ಟು ಹಾಲು, ಒಂದು ತೇಗು, ಮತ್ತೆ ನಿದ್ದೆ.
ಎಂಥ ಸಾಧು ಮಗು ಅಂದರು ಬಂದವರೆಲ್ಲ,
ನಾವೂ ಬೀಗಿದೆವು, ನಮ್ಮದೇ ಸಾಧನೆಯೆಂಬಂತೆ.
ಜನವರಿಯ ಕೊನೆಗೆ, ಶಾಲೆಗೆ ರಜೆ ಕೊಟ್ಟು
ಬನ್ನು ಹಂಚಿಕೊಂಡು ಊರಿಗೆ ಊರೇ
ದಕ್ಷಿಣಕ್ಕೆ ಮುಖಮಾಡಿ ನಿಂತ ದಿನ
ನಿನ್ನನ್ನೂ ಎತ್ತಿ ತೋರಿಸಿದೆ: ಅಗೋ, ಬಂದ!
ನೀನು ಸೀನಿದೆ.
ಆ ನೆಂಟ ಈಗ ಕಾಲು ಚಾಚಿ ಕೂತಿದ್ದಾನೆ.
ಆಕಳಿಸಿ ತೋರಿಸಿದರೂ ಏಳುತ್ತಿಲ್ಲ.

ಅಮ್ಮನಿಗೆ ಫೋನು ಹಚ್ಚಿ ಕೇಳಿದೆ:
ನನ್ನನ್ನು ಹೇಗಮ್ಮ ಮಲಗಿಸುತ್ತಿದ್ದೆ ಈ ಬೆಳಕಿನಲ್ಲಿ?
ನಾನೆಲ್ಲಿ ಮಲಗಿಸಿದೆನೋ,
ಅತ್ತತ್ತು ನೀನೇ ಸೋತು ಬೀಳುತ್ತಿದ್ದೆ,
ನಾನು ನಿನಗಿಂತ ಮೊದಲೇ, ಅಂದಳು.
ಆಮೇಲೆ, ಇಡುವ ಮುಂಚೆ:
ಅಡುಗೆಮನೆಯ ಫಾಯಿಲ್ ಇದೆಯಲ್ಲ, ಅದನ್ನು ಅಂಟಿಸು.

ಅಂಟಿಸಿದೆ. ಮೀನು ಸುತ್ತುವ ಬೆಳ್ಳಿ ಹಾಳೆ
ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ.
ನಿನ್ನಮ್ಮ ರಾಗ್ನಿ ರಾತ್ರಿ ಪಾಳಿಯಲ್ಲಿದ್ದಾಳೆ,
ಪರದೆಯ ಮುಂದೆ ಕೂತು ಹಡಗುಗಳ ದಾರಿ ಕಾಯುತ್ತ.
ಅವಳದು ಅರವತ್ತು ಹಡಗು, ನನ್ನದು ಒಂದು ತೊಟ್ಟಿಲು.
ಒಂದೂ ಬಂಡೆಗೆ ತಾಗಬಾರದು.

ಹನ್ನೊಂದಕ್ಕೆ ನೀನು ಕಿವಿ ಉಜ್ಜಿಕೊಂಡೆ.
ಚೀಟಿ ಹೇಳಿದಂತೆ ಮಲಗಿಸಿದೆ, ಹಿಂದೆ ಸರಿದೆ.
ನೀನು ಚೀಟಿ ಓದಿರಲಿಲ್ಲ.
ಎತ್ತಿಕೊಂಡೆ, ಇಳಿಸಿದೆ, ಎತ್ತಿಕೊಂಡೆ,
ಸೊಂಟ ಬಾಗಿಸಿ, ಉಸಿರು ಬಿಗಿಹಿಡಿದು,
ಸಿಡಿಯದ ಬಾಂಬನ್ನು ಇಡುವವನ ಹಾಗೆ
ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ,
ಕೈ ಮಾತ್ರ ಕೆಳಗೇ ಉಳಿಯಿತು ಕಾಲು ಗಂಟೆ.

ಒಂದೂವರೆಗೆ ರೆಪ್ಪೆ ಕೂಡಿತು.

ಆಗ ಕಂಡಿತು ಫಾಯಿಲಿನಲ್ಲೊಂದು ತೂತು.
ಎದುರು ಗೋಡೆಯಲ್ಲಿ ಬೆಳಕಿನ ಬಿಲ್ಲೆ,
ಸೂರ್ಯ ಏರಿದಷ್ಟೂ ಅದು ಇಳಿಯುತ್ತ
ಕ್ಯಾಲೆಂಡರ್ ದಾಟಿ, ಸ್ವೆಟರಿನ ಗೂಟ ದಾಟಿ,
ತೊಟ್ಟಿಲ ಅಂಚಿಗೆ ಬಂತು. ಟೇಪು ಅಡುಗೆಮನೆಯಲ್ಲಿ,
ಅಲ್ಲಿಗೆ ಹೋಗುವ ದಾರಿಯಲ್ಲಿ ಮೂರು ಹಲಗೆ ಕಿರುಗುಟ್ಟುತ್ತವೆ.
ನಿನ್ನ ಕೆನ್ನೆಗೆ ಇನ್ನು ನಾಲ್ಕು ಬೆರಳು, ಮೂರು...
ತೂತಿನ ಮೇಲೆ ಹೆಬ್ಬೆರಳು ಒತ್ತಿದೆ.

ಬಿಲ್ಲೆ ಆರಿತು.
ನೀನೊಂದು ನಿಟ್ಟುಸಿರು ಬಿಟ್ಟೆ,
ದೊಡ್ಡವರು ಸಾಲ ತೀರಿಸಿ ಬಿಡುವಂಥದ್ದು.
ನಾನು ನಿಂತೇ ಇದ್ದೆ. ಉಗುರಂಚು ಕೆಂಪಾಗಿ ಹೊಳೆಯುತ್ತಿತ್ತು,
ಅದರಾಚೆ ಇಡೀ ಬ್ಯಾರೆಂಟ್ಸ್ ಕಡಲು, ಅದರ ಮೇಲೆ ಅವನು.
ಕೈ ಜೋಮು ಹಿಡಿದಾಗ ಬೆರಳು ಬದಲಿಸಿದೆ.
ಹಕ್ಕಿಗಳೂ ಒಂದು ಗಳಿಗೆ ಸುಮ್ಮನಾದವು, ಅಥವಾ
ನಾನೇ ತೂಕಡಿಸಿದೆನೋ.

ಐದಕ್ಕೆ ರಾಗ್ನಿ ಬಂದಾಗ
ನನ್ನ ಹಣೆ ಫಾಯಿಲಿಗೆ ಆತುಕೊಂಡಿತ್ತಂತೆ.
ನೀನು ಎದ್ದು ಕಾಲ್ಬೆರಳು ಚೀಪುತ್ತಿದ್ದೆ.
ಮೂರೂವರೆ ಗಂಟೆ. ರಾತ್ರಿಯಿಡೀ ಅಲ್ಲ.
ಚೀಟಿಯಲ್ಲಿ ಇದಕ್ಕೆ ಹೆಸರಿಲ್ಲ.

ಬೂಟು ಬಿಚ್ಚುತ್ತ ಪಿಸುಗುಟ್ಟಿದಳು:
ಹೇಗಿತ್ತು ರಾತ್ರಿ?

ಇತ್ತು, ಅಂದೆ.
ಹೆಬ್ಬೆರಳು ತೋರಿಸಿದೆ.